ಮೈಸೂರಿನ ಹುಡುಗಿ, ಉರ್ದುವಿನ ವಿಮರ್ಶಕಿ

ಬೆಳಿಗ್ಗೆ ಎಂಟರ ಹೊತ್ತಿಗೆ ಕಾರ್ಕಳದಿಂದಲೂ ಕಾಪುವಿನಿಂದಲೂ ಉಡುಪಿ, ಮಣಿಪಾಲದ ಕಡೆಗೆ ಹೊರಡುವ ಬಸ್ಸುಗಳಲ್ಲಿ ವಿದ್ಯಾರ್ಥಿಗಳದೇ ಗದ್ದಲ. ಅವರ ಮಾತಿಗೆ ಸ್ವಲ್ಪ ಕಿವಿಗೊಟ್ಟರೆ ಒಂದು ಸಂಗತಿ ಗಮನಕ್ಕೆ ಬಾರದಿರದು. ಪಕ್ಕದ ಗೆಳತಿಯೊಡನೆ ತುಳು, ಫೋನಿನಲ್ಲಿ ಅಮ್ಮನೊಡನೆ ಕೊಂಕಣಿಯೋ ಬ್ಯಾರಿಯೋ ಉರ್ದುವೋ, ಮೇಷ್ಟ್ರು ಎದುರಾದರೆ ಕನ್ನಡ, ತೊಡೆಯ ಮೇಲೆ ತೆರೆದಿಟ್ಟ ಪುಸ್ತಕದಲ್ಲಿ ಇಂಗ್ಲಿಷು. ಒಂದು ಗಂಟೆಯ ದಾರಿಯಲ್ಲಿ ನಾಲ್ಕು ಭಾಷೆಗಳನ್ನು ದಾಟಿ ಬರುವ ಈ ಮಕ್ಕಳಿಗೆ ಅದೊಂದು ಸಾಮರ್ಥ್ಯ ಎಂದು ಯಾರೂ ಹೇಳುವುದಿಲ್ಲ. ಅಂಕಪಟ್ಟಿಯಲ್ಲಿ ಅದಕ್ಕೆ ಜಾಗವೂ ಇಲ್ಲ.

ಮನೆಯಲ್ಲಿ ತಂದೆತಾಯಿ ಕೇಳುವ ಪ್ರಶ್ನೆಯೂ ಸಹಜವಾದದ್ದೇ. ‘ಪಾಠದ ಪುಸ್ತಕ ಬಿಟ್ಟು ಕಥೆ ಪುಸ್ತಕ ಹಿಡಿದರೆ ಮುಂದೆ ಏನು ಗತಿ? ಅದೂ ಮನೆಮಾತಿನಲ್ಲಿ ಓದಿ ಯಾವ ಊರು ಉದ್ಧಾರವಾಗಬೇಕು?’ ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಆದರೆ ಎಂಬತ್ತು ವರ್ಷಗಳ ಹಿಂದೆ ಇದೇ ನಾಡಿನಲ್ಲಿ ಓದಿದ ಒಬ್ಬ ಹುಡುಗಿಯ ಬದುಕನ್ನು ನೋಡಿದರೆ ಉತ್ತರದ ದಾರಿಯಾದರೂ ಕಂಡೀತು. ಆಕೆಯ ಹೆಸರು ಮುಮ್ತಾಜ್ ಶೀರೀನ್. ಉರ್ದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಹೆಸರು ಚಿರಪರಿಚಿತ. ಉರ್ದು ಕಥಾಸಾಹಿತ್ಯದ ವಿಮರ್ಶೆಯಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವ ಹೆಸರು ಅದು. ಆಕೆ ಬೆಳೆದ ಕರ್ನಾಟಕದಲ್ಲಿ ಮಾತ್ರ ಆ ಹೆಸರನ್ನು ಕೇಳಿದವರು ಕಡಿಮೆ.

ಅಜ್ಜನ ಮನೆಯ ಓದು

ಶೀರೀನ್ ಹುಟ್ಟಿದ್ದು 1924ರ ಸೆಪ್ಟೆಂಬರ್ 12ರಂದು, ಹಿಂದೂಪುರದಲ್ಲಿ. ಇಂದು ಆಂಧ್ರಪ್ರದೇಶಕ್ಕೆ ಸೇರಿರುವ ಆ ಊರು ಕರ್ನಾಟಕದ ಗಡಿಗೆ ಕೂಗಳತೆಯ ದೂರದಲ್ಲಿದೆ. ಮೊಮ್ಮಗಳಿಗೆ ಒಳ್ಳೆಯ ವಿದ್ಯಾಭ್ಯಾಸ ಸಿಗಲೆಂದು ತಾಯಿಯ ತಂದೆ ಆಕೆಯನ್ನು ಮೈಸೂರಿಗೆ ಕರೆಸಿಕೊಂಡರು. ಹೆಣ್ಣುಮಕ್ಕಳಿಗೆ ಓದು ಬರಹ ಬಂದರೆ ಸಾಕು, ಕಾಲೇಜು ಯಾಕೆ ಎಂದು ಬಹುತೇಕ ಮನೆಗಳಲ್ಲಿ ಹೇಳುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ಅಜ್ಜ ಕೈಗೊಂಡ ಆ ಒಂದು ತೀರ್ಮಾನ ಹುಡುಗಿಯ ಬದುಕಿನ ದಿಕ್ಕನ್ನೇ ಬದಲಿಸಿತು.

ಹುಡುಗಿ ಓದಿನಲ್ಲಿ ಚುರುಕು. ಹದಿಮೂರನೆಯ ವಯಸ್ಸಿಗೇ ಮೆಟ್ರಿಕ್ಯುಲೇಶನ್ ಮುಗಿಸಿದಳು. ಮಹಾರಾಣಿ ಕಾಲೇಜಿನಲ್ಲಿ ಓದಿ 1941ರಲ್ಲಿ ಬಿ.ಎ. ಪದವಿ ಪಡೆದಳು. ಆಗ ಆಕೆಗೆ ಹದಿನೇಳರ ಆಸುಪಾಸು. ಇಂದಿನ ಲೆಕ್ಕದಲ್ಲಿ ಪಿಯುಸಿ ಮುಗಿಸುವ ವಯಸ್ಸು. ಮರುವರ್ಷ, 1942ರಲ್ಲಿ, ಸಮದ್ ಶಾಹೀನ್ ಅವರೊಡನೆ ಮದುವೆಯಾಯಿತು. ಅಲ್ಲಿಗೆ ಓದು ನಿಂತಿತು ಎಂದು ಬರೆದಿದ್ದರೆ ಅದು ಆ ಕಾಲದ ನೂರಾರು ಹೆಣ್ಣುಮಕ್ಕಳ ಕಥೆಯೇ ಆಗುತ್ತಿತ್ತು. ಶೀರೀನ್ ವಿಷಯದಲ್ಲಿ ಹಾಗಾಗಲಿಲ್ಲ. ಗಂಡನಿಗೂ ಸಾಹಿತ್ಯದ ಗೀಳು. 1944ರಲ್ಲಿ ಇಬ್ಬರೂ ಸೇರಿ ಬೆಂಗಳೂರಿನಿಂದ ‘ನಯಾ ದೌರ್’ ಎಂಬ ಸಾಹಿತ್ಯ ಪತ್ರಿಕೆ ಹೊರಡಿಸಿದರು. ‘ಹೊಸ ಯುಗ’ ಎಂದು ಆ ಹೆಸರಿನ ಅರ್ಥ. ಸಂಪಾದಕಿಗೆ ಆಗ ಇಪ್ಪತ್ತೂ ಸರಿಯಾಗಿ ತುಂಬಿರಲಿಲ್ಲ.

ಇದು ಎಂಥ ಸಾಹಸ ಎಂಬುದು ಮನವರಿಕೆಯಾಗಬೇಕಾದರೆ ಅಂದಿನ ಉರ್ದು ಲೋಕವನ್ನು ಸ್ವಲ್ಪ ತಿಳಿಯಬೇಕು. ದಿಲ್ಲಿ, ಲಖನೌ, ಲಾಹೋರ್, ಹೈದರಾಬಾದ್ ಇವು ಉರ್ದುವಿನ ದೊಡ್ಡ ಮನೆಗಳು. ಪತ್ರಿಕೆಗಳೂ ಪ್ರಕಾಶಕರೂ ಪಂಡಿತರೂ ಅಲ್ಲಿಯೇ. ದಕ್ಷಿಣದ ಬೆಂಗಳೂರು, ಮೈಸೂರುಗಳಲ್ಲಿ ಉರ್ದು ಮಾತಾಡುವವರು ಸಾಕಷ್ಟಿದ್ದರೂ ಸಾಹಿತ್ಯದ ತೀರ್ಪು ಹೇಳುವ ಅಧಿಕಾರ ಆ ಊರುಗಳಿಗೆ ಇರಲಿಲ್ಲ. ಅಂಥ ಊರಿನಿಂದ, ಹೆಸರು ಕೇಳರಿಯದ ಒಬ್ಬ ತರುಣಿ ಎದ್ದುನಿಂತು ‘ಉರ್ದು ಕಥೆ ಎತ್ತ ಸಾಗುತ್ತಿದೆ’ ಎಂದು ಬರೆಯಲು ತೊಡಗಿದಳು. ಮಂಗಳೂರು, ಉಡುಪಿಯ ಕಡೆಯ ಬರಹಗಾರರು ಮೈಸೂರು, ಧಾರವಾಡಗಳ ಮನ್ನಣೆಗಾಗಿ ಕಾಯುತ್ತಿದ್ದ ದಿನಗಳನ್ನು ಬಲ್ಲವರಿಗೆ ಈ ದೂರ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ವರ್ಷದ ಕಥೆಗಳು

ಶೀರೀನ್‌ಗೆ ಮೊದಲು ಹೆಸರು ತಂದುಕೊಟ್ಟ ವಿಮರ್ಶೆಯ ಲೇಖನದ ವಿಷಯ ಬಹಳ ಸರಳವಾದದ್ದು: 1943ರ ಉರ್ದು ಕಥೆಗಳು. ಒಂದು ವರ್ಷದ ಅವಧಿಯಲ್ಲಿ ಬಂದ ಕಥೆಗಳನ್ನು ಓದುವುದು, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡುವುದು, ಯಾವುದು ಯಾಕೆ ಚೆನ್ನಾಗಿದೆ ಎಂದು ಹೇಳುವುದು. ಇದಕ್ಕೆ ದೊಡ್ಡ ಗ್ರಂಥಾಲಯ ಬೇಡ, ವಿದೇಶದ ಪದವಿಯೂ ಬೇಡ. ಬೇಕಾದದ್ದು ತಾಳ್ಮೆ ಮತ್ತು ಸ್ವಂತ ಅಭಿಪ್ರಾಯವನ್ನು ಕಾರಣಸಮೇತ ಹೇಳುವ ಧೈರ್ಯ, ಎರಡೇ. ಹತ್ತೊಂಬತ್ತು ಇಪ್ಪತ್ತರ ಹುಡುಗಿಯ ಬಳಿ ಆ ಎರಡೂ ಇದ್ದವು.

ಕಾಲೇಜಿನ ಇಂಗ್ಲಿಷ್ ಆಕೆಗೆ ಇಲ್ಲಿ ನೆರವಾಯಿತು. ಯುರೋಪಿನ ಕಥೆ ಕಾದಂಬರಿಗಳನ್ನು ಆಕೆ ಮನಸ್ಸಿಟ್ಟು ಓದಿದ್ದಳು. ಅಲ್ಲಿ ಕಲಿತದ್ದನ್ನು ಉರ್ದು ಕಥೆಗಳನ್ನು ಅರ್ಥಮಾಡಿಕೊಳ್ಳಲು ಬಳಸಿದಳೇ ಹೊರತು, ಉರ್ದುವನ್ನು ಕೀಳುಮಾಡಲು ಅಲ್ಲ. ಕಾದಂಬರಿ ಮತ್ತು ಸಣ್ಣಕಥೆಗಳಲ್ಲಿ ತಂತ್ರದ ವೈವಿಧ್ಯವನ್ನು ಕುರಿತು ಆಕೆ ಬರೆದ ಲೇಖನವನ್ನು ಉರ್ದು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ತಂತ್ರ ಎಂದೊಡನೆ ಏನೋ ಕಠಿಣ ವಿಷಯವೆಂದು ಹೆದರಬೇಕಾಗಿಲ್ಲ. ಕಾಪುವಿನ ಕಡಲಲ್ಲಿ ದೋಣಿಯೊಂದು ಮಗುಚಿದ ಸುದ್ದಿಯನ್ನೇ ತೆಗೆದುಕೊಳ್ಳಿ. ಅದನ್ನು ಪೊಲೀಸು ಬರೆಯುವ ರೀತಿ ಒಂದು, ದೋಣಿಯಲ್ಲಿದ್ದವನು ಹೇಳುವ ರೀತಿ ಇನ್ನೊಂದು, ದಡದಲ್ಲಿ ರಾತ್ರಿಯಿಡೀ ಕಾದ ಹೆಂಗಸು ಹೇಳುವ ರೀತಿ ಮತ್ತೊಂದು. ನಡೆದದ್ದು ಒಂದೇ. ಆದರೆ ಯಾರು ಹೇಳುತ್ತಾರೆ, ಎಲ್ಲಿಂದ ಶುರುಮಾಡುತ್ತಾರೆ, ಏನನ್ನು ಹೇಳದೆ ಬಿಡುತ್ತಾರೆ ಎಂಬುದರ ಮೇಲೆ ಕಥೆಯ ಹುರುಳೇ ಬೇರೆಯಾಗಿಬಿಡುತ್ತದೆ. ಕಥೆಯನ್ನು ಮೆಚ್ಚಿ ಸುಮ್ಮನಾಗದೆ, ಅದು ಹೇಗೆ ಕಟ್ಟಲ್ಪಟ್ಟಿದೆ ಎಂದು ಬಿಚ್ಚಿ ತೋರಿಸುವ ಈ ಬಗೆಯ ಓದು ಅಂದಿನ ಉರ್ದುವಿನಲ್ಲಿ ಅಪರೂಪವಾಗಿತ್ತು.

ಆಕೆ ವಿಮರ್ಶಕಿ ಮಾತ್ರವಲ್ಲ, ಕಥೆಗಾರ್ತಿಯೂ ಹೌದು. ಮೊದಲ ಕಥೆ ‘ಅಂಗಡಾಯಿ’. ನಿದ್ದೆ ತಿಳಿದೆದ್ದಾಗ ಮೈಮುರಿಯುತ್ತೇವಲ್ಲ, ಅದಕ್ಕೆ ಉರ್ದುವಿನ ಹೆಸರು ಅದು. ಕಾಲೇಜಿನ ಹುಡುಗಿಯೊಬ್ಬಳು ತನ್ನ ಅಧ್ಯಾಪಕಿಯ ಮೇಲೆ ಇಟ್ಟುಕೊಂಡ ಅತಿಯಾದ ಮಮತೆ, ಮುಂದೆ ತನ್ನನ್ನು ಮದುವೆಯಾಗಲಿರುವವನ ಕಡೆಗೆ ಆಕೆಯ ಮನಸ್ಸು ತಿರುಗುವುದು, ಹೀಗೆ ಹರೆಯಕ್ಕೆ ಕಾಲಿಡುವ ಮನಸ್ಸೊಂದು ಮೈಮುರಿದೇಳುವ ಗಳಿಗೆಯ ಕಥೆ. ದಿಲ್ಲಿಯ ಹೆಸರಾಂತ ‘ಸಾಕೀ’ ಪತ್ರಿಕೆ ಅದನ್ನು ಅಚ್ಚುಹಾಕಿತು. ಹೆಣ್ಣಿನ ಒಳಮನಸ್ಸನ್ನು ಹೆಣ್ಣೇ ಬರೆಯುವ ದಾರಿ ಆಗಷ್ಟೇ ತೆರೆದಿತ್ತು. ಕೆಲವೇ ವರ್ಷಗಳ ಬಳಿಕ ಅದೇ ಮೈಸೂರಿನಲ್ಲಿ ತ್ರಿವೇಣಿ ಕನ್ನಡದಲ್ಲಿ ಅಂಥದೇ ದಾರಿ ಹಿಡಿದರು. ತ್ರಿವೇಣಿಯವರಿಗೂ ಶೀರೀನ್‌ಗೂ ನಡುವೆ ನಾಲ್ಕೇ ವರ್ಷಗಳ ಅಂತರ. ಒಂದೇ ಊರು, ಒಂದೇ ಬಗೆಯ ಕಾಳಜಿ. ಆದರೆ ಒಬ್ಬರ ಓದುಗರು ಇನ್ನೊಬ್ಬರ ಓದುಗರಾಗಲಿಲ್ಲ. ಲಿಪಿಯೊಂದು ನಡುವೆ ಗೋಡೆಯಾಗಿ ನಿಂತಿತ್ತು.

ದೇಶ ಒಡೆದ ಮೇಲೆ

1947ರಲ್ಲಿ ದೇಶ ಇಬ್ಭಾಗವಾಯಿತು. ಶೀರೀನ್ ಮತ್ತು ಶಾಹೀನ್ ಕರಾಚಿಗೆ ಹೋಗಿ ನೆಲೆಸಿದರು. ಪತ್ರಿಕೆಯೂ ಅವರೊಡನೆ ಅಲ್ಲಿಗೆ ಹೋಯಿತು. ಆಕೆಯ ಮೊದಲ ಕಥಾಸಂಕಲನ ‘ಅಪನೀ ನಗರಿಯಾ’ ಬಂದದ್ದು ಆ ಹೊತ್ತಿನಲ್ಲೇ. ‘ನಮ್ಮದೇ ಊರು’ ಎಂಬ ಅರ್ಥದ ಹೆಸರಿನ ಪುಸ್ತಕ ಹೊರಬರುವಾಗ ಬೆಳೆದ ಊರೇ ಬೇರೊಂದು ದೇಶದಲ್ಲಿ ಉಳಿದುಬಿಟ್ಟಿತ್ತು.

ವಿಭಜನೆಯ ಹಿಂಸೆಯಲ್ಲಿ ಲಕ್ಷಗಟ್ಟಲೆ ಜನ ಸತ್ತರು, ಕೋಟಿಗೂ ಮಿಕ್ಕಿ ಜನ ಮನೆಮಠ ಬಿಟ್ಟರು. ಉರ್ದು ಕಥೆಗಾರರೆಲ್ಲ ಅದರ ಬಗ್ಗೆ ಬರೆಯತೊಡಗಿದರು. ಇಲ್ಲೊಂದು ತೊಡಕು ಎದುರಾಯಿತು. ತಾನು ಯಾರ ಪಕ್ಷವೂ ಅಲ್ಲ ಎಂದು ತೋರಿಸುವ ಆತುರದಲ್ಲಿ ಕೆಲವರು ಎರಡೂ ಕಡೆಯ ಸತ್ತವರ ಲೆಕ್ಕವನ್ನು ಸರಿದೂಗಿಸಿ ಕಥೆ ಬರೆದರು. ಉದ್ದೇಶ ಒಳ್ಳೆಯದೇ, ಕಥೆ ಮಾತ್ರ ಜೀವ ಕಳೆದುಕೊಂಡಿತು. ಒಳ್ಳೆಯ ಉದ್ದೇಶವಷ್ಟೇ ಒಳ್ಳೆಯ ಕಥೆಯಾಗಲಾರದು ಎಂಬುದು ಶೀರೀನ್ ಹಿಡಿದ ನಿಲುವು. ಗಲಭೆಗಳ ಬಗೆಗಿನ ಕಥೆಗಳನ್ನು ಆಕೆ ಒಂದೊಂದಾಗಿ ತೂಗಿ ನೋಡಿದರು. ಆ ಓದಿನಲ್ಲಿ ಎಲ್ಲರಿಗಿಂತ ಎತ್ತರದಲ್ಲಿ ಕಂಡವರು ಸಾದತ್ ಹಸನ್ ಮಂಟೋ.

ಮಂಟೋ ಪರ ಮಾತಾಡುವುದು ಅಂದು ಸುಲಭವಿರಲಿಲ್ಲ. ಅಶ್ಲೀಲವೆಂಬ ಆರೋಪದ ಮೇಲೆ ಅವರ ಕಥೆಗಳು ಮತ್ತೆ ಮತ್ತೆ ಕೋರ್ಟಿನ ಮೆಟ್ಟಿಲೇರಿದ್ದವು. ವಿಭಜನೆಗೆ ಮುಂಚೆಯೂ, ಪಾಕಿಸ್ತಾನಕ್ಕೆ ಹೋದ ಮೇಲೂ. ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ‘ಇವರು ಪ್ರಗತಿವಿರೋಧಿ’ ಎಂದು ದೂರವಿಟ್ಟ ಸಾಹಿತಿಗಳ ಗುಂಪು. 1955ರ ಜನವರಿಯಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಮಂಟೋ ಲಾಹೋರಿನಲ್ಲಿ ತೀರಿಕೊಂಡರು. ಬದುಕಿನ ಕೊನೆಯ ವರ್ಷಗಳು ಸಾಲ, ಕುಡಿತ, ಕಾಯಿಲೆಗಳಲ್ಲೇ ಕಳೆದವು.

ಇಂಥ ಲೇಖಕನ ಬಗ್ಗೆ ಒಬ್ಬ ಮುಸ್ಲಿಂ ಗೃಹಿಣಿ, ಅದೂ ಐವತ್ತರ ದಶಕದಲ್ಲಿ, ಗಂಭೀರವಾಗಿ ಬರೆಯಲು ಕುಳಿತದ್ದು ಸಣ್ಣ ಸಂಗತಿಯಲ್ಲ. ಶೀರೀನ್ ಮಂಟೋ ಅವರನ್ನು ಹೊಗಳಿ ಪಾರಾಗಲಿಲ್ಲ. ಗದ್ದಲಕ್ಕೆ ಹೆದರಿ ಬಿಟ್ಟುಕೊಡಲೂ ಇಲ್ಲ. ಕಥೆಗಳನ್ನು ತಿರುಗಿ ಓದಿದರು. ಫ್ರೆಂಚ್ ಕಥೆಗಾರ ಮೊಪಾಸಾನ ಪಕ್ಕದಲ್ಲಿ ಇಟ್ಟು ನೋಡಿದರು. ಆ ಬರಹಗಳೆಲ್ಲ ಮುಂದೆ ‘ಮಂಟೋ: ನೂರಿ ನ ನಾರಿ’ ಎಂಬ ಪುಸ್ತಕವಾದವು. ನೂರಿ ಎಂದರೆ ಬೆಳಕಿನಿಂದ ಆದದ್ದು, ದೇವದೂತ; ನಾರಿ ಎಂದರೆ ಬೆಂಕಿಯಿಂದ ಆದದ್ದು, ಸೈತಾನ. ಮಂಟೋ ಕಥೆಯ ಮನುಷ್ಯ ಎರಡೂ ಅಲ್ಲ, ಮಣ್ಣಿನಿಂದಾದವನು. ತಪ್ಪು ಮಾಡುವವನು, ಆ ತಪ್ಪಿನ ನಡುವೆಯೂ ಕರುಣೆಯ ಹನಿಯೊಂದನ್ನು ಉಳಿಸಿಕೊಂಡವನು. ಇದು ಆಕೆ ಕಂಡುಕೊಂಡ ಮಂಟೋ. ಇಂದು ಭಾರತ, ಪಾಕಿಸ್ತಾನ ಎರಡೂ ಕಡೆ ಮಂಟೋ ಅವರನ್ನು ಕೊಂಡಾಡುವವರಿದ್ದಾರೆ. ಕೊಂಡಾಡುವುದು ಕಷ್ಟವಾಗಿದ್ದ ಕಾಲದಲ್ಲಿ ಕಾರಣ ಕೊಟ್ಟು ಬರೆದವರ ಸಾಲಿನಲ್ಲಿ ಮೈಸೂರಿನಲ್ಲಿ ಓದಿದ ಈ ಹೆಣ್ಣುಮಗಳಿದ್ದಾರೆ.

ಕೊನೆಯವರೆಗೂ ವಿದ್ಯಾರ್ಥಿನಿ

ಕರಾಚಿಗೆ ಹೋದ ಮೇಲೂ ಶೀರೀನ್ ಓದು ಬಿಡಲಿಲ್ಲ. ಸಂಸಾರ ತೂಗಿಸಿಕೊಂಡು ಕರಾಚಿ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಎಂ.ಎ. ಮಾಡಿದರು. ಕೆಲಕಾಲ ಆಕ್ಸ್‌ಫರ್ಡ್‌ನಲ್ಲೂ ಓದಿದರು. ಗಂಡನ ನೌಕರಿಯ ಕಾರಣ ಬ್ಯಾಂಕಾಕ್, ಅಂಕಾರಾ ಮೊದಲಾದ ಊರುಗಳನ್ನು ಕಂಡರು. ಅಮೆರಿಕದ ಜಾನ್ ಸ್ಟೈನ್‌ಬೆಕ್‌ನ ‘ದಿ ಪರ್ಲ್’ ಕಾದಂಬರಿಯನ್ನು ಉರ್ದುವಿಗೆ ತಂದರು. ಎರಡನೆಯ ಕಥಾಸಂಕಲನ ‘ಮೇಘ ಮಲ್ಹಾರ್’ 1962ರಲ್ಲಿ ಬಂತು. ಮಳೆ ತರಿಸುವ ರಾಗವೆಂಬ ಐತಿಹ್ಯವುಳ್ಳ ರಾಗದ ಹೆಸರು ಅದು. ಭಾರತದ ಸಂಗೀತ, ಗ್ರೀಕರ ಪುರಾಣ ಎರಡನ್ನೂ ಒಂದೆಡೆ ತರುವ ಹಂಬಲ ಆ ಕಥೆಗಳದ್ದು. 1963ರಲ್ಲಿ ವಿಮರ್ಶೆಯ ಲೇಖನಗಳ ಸಂಕಲನ ‘ಮೆಯಾರ್’ ಪ್ರಕಟವಾಯಿತು. ಮೆಯಾರ್ ಎಂದರೆ ಒರೆಗಲ್ಲು, ಮಾನದಂಡ. ಒಬ್ಬ ವಿಮರ್ಶಕಿಯ ಪುಸ್ತಕಕ್ಕೆ ಇದಕ್ಕಿಂತ ತಕ್ಕ ಹೆಸರು ಸಿಗದು.

1973ರ ಮಾರ್ಚ್ 11ರಂದು ಇಸ್ಲಾಮಾಬಾದಿನಲ್ಲಿ ಕ್ಯಾನ್ಸರಿನಿಂದ ಶೀರೀನ್ ತೀರಿಕೊಂಡರು. ಆಗ ಅವರಿಗೆ ನಲವತ್ತೆಂಟು ವರ್ಷ. ಮಂಟೋ ಕುರಿತ ಪುಸ್ತಕವನ್ನು ಅಚ್ಚಿನಲ್ಲಿ ನೋಡುವ ಯೋಗ ಅವರಿಗಿರಲಿಲ್ಲ. ಅದು ಹೊರಬಂದದ್ದು 1985ರಲ್ಲಿ, ಅವರು ತೀರಿಕೊಂಡ ಹನ್ನೆರಡು ವರ್ಷಗಳ ಮೇಲೆ. ವಿಭಜನೆಯ ಕಥೆಗಳ ಸಂಕಲನ ‘ಜುಲ್ಮತ್-ಎ-ನೀಮ್‌ರೋಜ್’ ಬಂದದ್ದು 1990ರಲ್ಲಿ. ‘ನಡುಹಗಲಿನ ಕತ್ತಲೆ’ ಎಂದು ಅದರ ಅರ್ಥ. ಕರಾಚಿಯ ಲೇಖಕ ಆಸಿಫ್ ಫರ್ರುಖಿ ಆ ಬರಹಗಳನ್ನು ಕಲೆಹಾಕಿ ಅಚ್ಚಿಗೆ ಅಣಿಮಾಡಿದರು. ಮುಂದಿನ ತಲೆಮಾರಿನ ಓದುಗನೊಬ್ಬ ಇಲ್ಲದಿದ್ದರೆ ಆ ಹಾಳೆಗಳ ಗತಿ ಏನಾಗುತ್ತಿತ್ತೋ!

ಕಾರ್ಕಳದ ಕಡೆಯವರಿಗೆ ಇದನ್ನು ಕೇಳಿದಾಗ ನಂದಳಿಕೆಯ ಲಕ್ಷ್ಮೀನಾರಣಪ್ಪ ನೆನಪಾಗದಿರರು. ಉಡುಪಿಯಲ್ಲಿ ಮೇಷ್ಟ್ರಾಗಿದ್ದ ಅವರು ‘ಮುದ್ದಣ’ ಎಂಬ ಹೆಸರಿನಲ್ಲಿ ‘ಶ್ರೀ ರಾಮಾಶ್ವಮೇಧ’ ಬರೆದು, ಯಾರೋ ಹಳೆಯ ಕವಿಯ ಕೃತಿಯೆಂಬಂತೆ ಮೈಸೂರಿಗೆ ಕಳಿಸಿದರು. 1901ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ತೀರಿಕೊಂಡರು. ಬರೆದವರು ಅವರೇ ಎಂದು ನಾಡಿಗೆ ತಿಳಿದದ್ದು ವರ್ಷಗಳ ಬಳಿಕ. ಪುಸ್ತಕ ಬರೆದವರಿಂದ ಅರ್ಧ ಉಳಿಯುತ್ತದೆ. ಹುಡುಕಿ ಓದುವವರಿಂದ ಇನ್ನರ್ಧ.

ಯಾವ ಭಾಷೆ?

ಮನೆಮಾತಿನ ಪ್ರಶ್ನೆಗೆ ಈಗ ಮರಳಬಹುದು. ಶೀರೀನ್ ಪದವಿ ಪಡೆದದ್ದು ಇಂಗ್ಲಿಷಿನ ಬಲದ ಮೇಲೆ, ಬೆಳೆದದ್ದು ಕನ್ನಡ ನಾಡಿನಲ್ಲಿ, ಬರೆದದ್ದು ಮನೆಮಾತಾದ ಉರ್ದುವಿನಲ್ಲಿ. ಇದೊಂದೇ ಸರಿಯಾದ ದಾರಿ ಎಂದೇನೂ ಅಲ್ಲ. ಉರ್ದು ಮಾತಾಡುವ ಮನೆಯಲ್ಲಿ ಹುಟ್ಟಿದ ಹಾಸನದ ಬಾನು ಮುಷ್ತಾಕ್ ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿದರು, ಕನ್ನಡದಲ್ಲೇ ಬರೆದರು. ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕಾಸರಗೋಡಿನ ಮಲಯಾಳ ಮನೆಮಾತಿನ ಸಾರಾ ಅಬೂಬಕ್ಕರ್ ಕನ್ನಡ ಶಾಲೆಯಲ್ಲಿ ಓದಿ ‘ಚಂದ್ರಗಿರಿಯ ತೀರದಲ್ಲಿ’ ಬರೆದರು. ಕಾಪುವಿಗೆ ಸಮೀಪದ ಕಟಪಾಡಿಯ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ಫಕೀರ್ ಮುಹಮ್ಮದ್ ಕಟ್ಪಾಡಿ ಕರಾವಳಿಯ ಮುಸ್ಲಿಂ ಬದುಕನ್ನು ಕನ್ನಡ ಕಥೆಗಳಿಗೆ ತಂದರು. ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿರುವ ಸಂಶೋಧನ ಕೇಂದ್ರ ಯಾರ ಹೆಸರು ಹೊತ್ತಿದೆಯೋ ಆ ರಾಷ್ಟ್ರಕವಿ ಗೋವಿಂದ ಪೈಗಳ ಮನೆಮಾತು ಕೊಂಕಣಿ.

ಇವರೆಲ್ಲ ಬೇರೆ ಬೇರೆ ದಾರಿ ಹಿಡಿದವರು. ಆದರೆ ಒಂದು ವಿಷಯದಲ್ಲಿ ಎಲ್ಲರೂ ಒಂದೇ. ಮನೆಯೊಳಗಿನ ಮಾತನ್ನು ಯಾರೂ ನಾಚಿಕೆಯ ವಸ್ತುವೆಂದು ಬಚ್ಚಿಡಲಿಲ್ಲ. ಹೊರಗಿನ ಮಾತನ್ನು ಪರೀಕ್ಷೆಗಷ್ಟೇ ಎಂದು ಕಲಿಯಲಿಲ್ಲ. ಎರಡನ್ನೂ ಬದುಕಿಗೆಂದು ಕಲಿತರು. ಮಗಳು ಕಥೆ ಪುಸ್ತಕ ಹಿಡಿದು ಕುಳಿತಾಗ ದೀಪ ಆರಿಸುವ ಮುನ್ನ, ಮೊಮ್ಮಗಳನ್ನು ಓದಿಗೆಂದು ಮೈಸೂರಿಗೆ ಕರೆಸಿಕೊಂಡ ಆ ಅಜ್ಜನನ್ನು ಹೆತ್ತವರು ಒಮ್ಮೆ ನೆನೆದರೆ ನಷ್ಟವೇನಿಲ್ಲ. ಹಾಗೆ ಓದಿದವರೆಲ್ಲ ಸಾಹಿತಿಗಳಾಗುವುದಿಲ್ಲ ನಿಜ. ಆದರೆ ಊರೆಲ್ಲ ಒಂದು ಮಾತು ಹೇಳುವಾಗ ‘ನಾನು ಓದಿ ನೋಡುತ್ತೇನೆ’ ಎನ್ನುವ ಬುದ್ಧಿ ಬಂದರೆ, ಅದು ವೈದ್ಯರಿಗೂ ಬೇಕು, ಎಂಜಿನಿಯರಿಗೂ ಬೇಕು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಇಪ್ಪತ್ತು ತುಂಬುವ ಮೊದಲೇ ಶೀರೀನ್ ಮಾಡಿದ ಕೆಲಸವೇ ಅದು. ವಾರಪತ್ರಿಕೆ, ಪುರವಣಿಗಳಲ್ಲಿ ಒಂದು ವರ್ಷದಲ್ಲಿ ಬರುವ ಕಥೆಗಳನ್ನು ತಪ್ಪದೆ ಓದಿ, ಪ್ರತಿಯೊಂದರ ಬಗ್ಗೆ ಹಳೆಯ ನೋಟುಪುಸ್ತಕದಲ್ಲಿ ನಾಲ್ಕು ಸಾಲು ಬರೆದಿಡುವುದು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದಷ್ಟೇ ಬರೆದರೆ ಸಾಲದು. ಯಾಕೆ ಎಂಬುದನ್ನೂ ಬರೆಯಬೇಕು. ಯಾವ ಭಾಷೆಯಲ್ಲಿ ಬೇಕಾದರೂ ಬರೆಯಬಹುದು. ವರ್ಷದ ಕೊನೆಗೆ ಆ ಪುಸ್ತಕವನ್ನು ಮೊದಲಿನಿಂದ ಓದಿದರೆ, ಜನವರಿಯಲ್ಲಿ ಬರೆದವರೂ ಡಿಸೆಂಬರಿನಲ್ಲಿ ಬರೆದವರೂ ಒಬ್ಬರೇನಾ ಎಂದು ಆಶ್ಚರ್ಯವಾದೀತು. ಕಾರ್ಕಳದ ಬಸ್ಸು ಮಣಿಪಾಲ ಮುಟ್ಟುವಷ್ಟರಲ್ಲಿ ಒಂದು ಕಥೆ ಓದಿ ಮುಗಿಯುತ್ತದೆ.